ಬಾಟಲ್‌ಬ್ರಷ್ ಪಾಲಿಮರುಗಳ ಪೆಡಸುತನ: ಚರಿತ್ರೆಯ ಒಂದು ತೀರ್ಪಿನ ಪುನರ್ವಿಮರ್ಶೆ

೧

ಇತಿಹಾಸದ ಅಧ್ಯಾಪಕನೊಬ್ಬನು ರಸಾಯನಶಾಸ್ತ್ರಕ್ಕೆ ಸೇರಿದ ಪ್ರಶ್ನೆಯೊಂದನ್ನು ಕೈಗೆತ್ತಿಕೊಂಡರೆ ಅದಕ್ಕೆ ಕಾರಣವನ್ನು ಮೊದಲೇ ನಿವೇದಿಸುವುದು ಯುಕ್ತ. ವಿಜ್ಞಾನದ ಚರಿತ್ರೆಯನ್ನು ಬೋಧಿಸುವಾಗ ಹಲವು ವರ್ಷ ನಾನು ವಿದ್ಯಾರ್ಥಿಗಳಿಗೆ ಬರೆಸುತ್ತಿದ್ದ ಟಿಪ್ಪಣಿಯಲ್ಲಿ ಒಂದು ವಾಕ್ಯವಿತ್ತು: "ಪಾಲಿಮರ್ ಎಂಬುದು ಉದ್ದವಾದ ಸರಪಳಿಯೆಂದ ಸ್ಟೌಡಿಂಗರ್ ಅವರ ಮಾತು ನಿಜವಾಯಿತು; ಆ ಸರಪಳಿ ಸೆಟೆದ ಕಡ್ಡಿಯಂತಿರುವುದೆಂದ ಮಾತು ಸುಳ್ಳಾಯಿತು." ವಾಕ್ಯ ಚಿಕ್ಕದು, ನೆನಪಿಡಲು ಸುಲಭ, ಪರೀಕ್ಷೆಗೂ ಅನುಕೂಲ. ಒಮ್ಮೆ, ವಿಜ್ಞಾನದ ಪದವಿಯನ್ನು ಪಡೆದು ನಮ್ಮ ವಿಭಾಗಕ್ಕೆ ಬಂದಿದ್ದ ವಿದ್ಯಾರ್ಥಿನಿಯೊಬ್ಬಳು ಇದನ್ನು ಬರೆದುಕೊಳ್ಳುತ್ತ ತಲೆಯೆತ್ತಿ, "ಯಾವ ದ್ರಾವಣದಲ್ಲಿ ಸಾರ್? ಎಷ್ಟು ಸಾಂದ್ರತೆಯಲ್ಲಿ?" ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಅದಕ್ಕಿಂತಲೂ ನಾಚಿಕೆಯ ಸಂಗತಿಯೆಂದರೆ, ಅಂಥ ಪ್ರಶ್ನೆಗೆ ಅವಕಾಶವಿದೆಯೆಂಬುದೇ ನನಗೆ ಹೊಳೆದಿರಲಿಲ್ಲ.

ಆ ಪ್ರಶ್ನೆಯ ಬೆನ್ನುಹತ್ತಿ ಓದಿದಾಗ ಕಂಡದ್ದನ್ನು ಇಲ್ಲಿ ವಾಚಕರ ಮುಂದಿಡುತ್ತೇನೆ. ಬಾಟಲ್‌ಬ್ರಷ್ ಪಾಲಿಮರ್ ಎಂಬ ಒಂದು ಜಾತಿಯ ಅಣುಗಳಲ್ಲಿ ಪೆಡಸುತನವು ಅಣುವಿನ ಸ್ವಂತ ಸ್ವತ್ತಲ್ಲ. ಸುತ್ತಲೂ ಎಷ್ಟು ಪಾಲಿಮರ್ ನೆರೆದಿದೆಯೆಂಬುದನ್ನು ಅವಲಂಬಿಸಿ ಅದು ಹೆಚ್ಚುಕಡಿಮೆಯಾಗುತ್ತದೆ. ಇದನ್ನು ಒಪ್ಪಿದ ಮೇಲೆ, ಪಾಲಿಮರ್ ವಿಜ್ಞಾನದ ಚರಿತ್ರೆಯಲ್ಲಿ ನಾವು ಕೊಡುತ್ತ ಬಂದಿರುವ ತೀರ್ಪಿನ ರೀತಿಯನ್ನೇ ತಿದ್ದಿಕೊಳ್ಳಬೇಕಾಗುತ್ತದೆಂಬುದು ಈ ಲೇಖನದ ವಾದ.

೨

ಮೊದಲು ಹಳೆಯ ವಿವಾದವನ್ನು ಸಂಗ್ರಹವಾಗಿ ನೆನೆಯೋಣ. ರಬ್ಬರು, ಸೆಲ್ಯುಲೋಸ್ ಮೊದಲಾದ ಪದಾರ್ಥಗಳು ಸಣ್ಣ ಅಣುಗಳ ಸಡಿಲವಾದ ಗುಂಪುಗಳೆಂದು ಬಹುಮಂದಿ ರಸಾಯನಜ್ಞರು ನಂಬಿದ್ದ ಕಾಲದಲ್ಲಿ, ಹರ್ಮನ್ ಸ್ಟೌಡಿಂಗರ್ ೧೯೨೦ರಲ್ಲಿ ಅವು ಸಾಮಾನ್ಯ ರಾಸಾಯನಿಕ ಬಂಧಗಳಿಂದಲೇ ಕೂಡಿದ ಉದ್ದನೆಯ ಸರಪಳಿಗಳೆಂದು ಪ್ರತಿಪಾದಿಸಿದರು. 'ಬೃಹದಣು' ಎಂಬ ಅರ್ಥದ ಜರ್ಮನ್ ಹೆಸರು ೧೯೨೨ರಲ್ಲಿ ಅವರ ಬರವಣಿಗೆಯಲ್ಲಿ ಕಾಣಿಸಿಕೊಂಡಿತು. ವಿರೋಧ ಬಲವಾಗಿತ್ತು. ೧೯೩೦ರ ಹೊತ್ತಿಗೆ ಗಾಳಿ ಅವರ ಕಡೆಗೆ ತಿರುಗಿತು. ೧೯೫೩ರಲ್ಲಿ, ತಮ್ಮ ೭೨ನೆಯ ವಯಸ್ಸಿನಲ್ಲಿ, ಅವರು ನೊಬೆಲ್ ಪಾರಿತೋಷಕವನ್ನು ಪಡೆದರು.

ಸ್ಟೌಡಿಂಗರ್ ಅವರಿಗೆ ಈ ಸರಪಳಿಗಳು ಸೆಟೆದ ದಾರದಂತೆ, ಹೆಚ್ಚುಕಡಿಮೆ ಕಡ್ಡಿಯಂತೆ ತೋರಿದ್ದುವು. ೧೯೩೪ರಲ್ಲಿ ವರ್ನರ್ ಕೂನ್ ಅವರೂ, ಅದೇ ವರ್ಷ ಗುತ್ ಮತ್ತು ಮಾರ್ಕ್ ಅವರೂ ಬೇರೊಂದು ಚಿತ್ರವನ್ನು ಮುಂದಿಟ್ಟರು. ಒಂದೊಂದು ಬಂಧದ ಬಳಿಯೂ ಸರಪಳಿ ತಿರುಗಬಲ್ಲುದಾದ್ದರಿಂದ ಅದು ಅಡ್ಡಾದಿಡ್ಡಿಯಾಗಿ ಬಳುಕಿ ಸಡಿಲವಾದ ಉಂಡೆಯಾಗುತ್ತದೆಂಬುದು ಆ ಚಿತ್ರ. ಸ್ಟೌಡಿಂಗರ್ ನೆಚ್ಚಿದ್ದ ನಿಯಮದಂತೆ ದ್ರಾವಣದ ಸ್ನಿಗ್ಧತೆ ಅಣುತೂಕಕ್ಕೆ ನೇರ ಅನುಪಾತದಲ್ಲಿ ಹೆಚ್ಚಬೇಕು. ಅಣುಗಳು ನಿಜವಾಗಿ ಕಡ್ಡಿಗಳಾಗಿದ್ದರೆ ಅದು ಅಣುತೂಕದ ವರ್ಗದ ಸಮೀಪಕ್ಕೆ ಏರಬೇಕಾಗಿತ್ತು. ಎಂದರೆ, ಅವರ ನಿಯಮವೇ ಅವರ ಚಿತ್ರಕ್ಕೆ ವಿರುದ್ಧ ಸಾಕ್ಷಿಯಾಗಿತ್ತು. ರಬ್ಬರು, ಪಾಲಿಸ್ಟೈರೀನ್ ಮೊದಲಾದವುಗಳ ಮಟ್ಟಿಗೆ ಕೂನ್ ಅವರ ಪಕ್ಷವೇ ಗೆದ್ದಿತು. ಆ ಗೆಲುವನ್ನು ಈಗ ಯಾರೂ ಪ್ರಶ್ನಿಸುತ್ತಿಲ್ಲ, ನಾನೂ ಪ್ರಶ್ನಿಸುವುದಿಲ್ಲ.

ಆಕ್ಷೇಪಣೆ ಇರುವುದು ಆ ಗೆಲುವನ್ನು ನಾವು ವಿವರಿಸುವ ಬಗೆಯ ಮೇಲೆ. "ಸರಪಳಿ ಪೆಡಸೋ, ಬಳುಕೋ?" ಎಂಬ ಪ್ರಶ್ನೆಗೆ "ಬಳುಕು" ಎಂಬ ಉತ್ತರ ಸಿಕ್ಕಿತೆಂದು ಬರೆಯುವಾಗ, ಆ ಗುಣ ಅಣುವಿನೊಳಗೆ ಒಮ್ಮೆಗೇ ನಿರ್ಧರಿತವಾಗಿರುವುದೆಂದು ನಾವು ಸದ್ದಿಲ್ಲದೆ ಒಪ್ಪಿಬಿಡುತ್ತೇವೆ. ಇಬ್ಬರು ವಾದಿಗಳೂ ಇದನ್ನು ಒಪ್ಪಿದ್ದರು. ತೀರ್ಪು ಬರೆದ ನಮ್ಮಂಥವರೂ ಒಪ್ಪಿದೆವು. ವಾದಿ ಪ್ರತಿವಾದಿಗಳು ಇಬ್ಬರೂ ಪ್ರಶ್ನಿಸದೆ ಬಿಟ್ಟದ್ದನ್ನು ನ್ಯಾಯಾಧೀಶನೂ ಪ್ರಶ್ನಿಸದಿರುವುದು ಚರಿತ್ರೆಯಲ್ಲಿ ಹೊಸತೇನಲ್ಲ.

ಇಲ್ಲಿ ಒಂದು ಸ್ವಾರಸ್ಯವಿದೆ. ಸ್ಟೌಡಿಂಗರ್ ತಮ್ಮ ೧೯೩೨ರ ಗ್ರಂಥದ ಕಾಲಕ್ಕೇ, ಅಣುಗಳಿಗೆ ಬೇಕಾದಷ್ಟು ಜಾಗವಿರುವ ತೆಳು ದ್ರಾವಣಗಳನ್ನೂ, ಅವು ಒಂದರ ಆವರಣದೊಳಕ್ಕೆ ಮತ್ತೊಂದು ನುಗ್ಗುವಷ್ಟು ಇಕ್ಕಟ್ಟಾದ ದ್ರಾವಣಗಳನ್ನೂ ಬೇರೆಬೇರೆಯೆಂದು ಎಣಿಸಿದ್ದರು. ಇಕ್ಕಟ್ಟಿನಿಂದ ದ್ರಾವಣದ ನಡತೆ ಬದಲಾಗುವುದನ್ನು ಅವರು ಕಂಡಿದ್ದರು. ಇಕ್ಕಟ್ಟಿನಿಂದ ಅಣುವಿನ ಆಕಾರವೇ ಬದಲಾಗಬಹುದೆಂಬ ಮುಂದಿನ ಹೆಜ್ಜೆಯನ್ನು ಮಾತ್ರ ಇಡಲಿಲ್ಲ.

೩

ಇನ್ನು ಬಾಟಲ್‌ಬ್ರಷ್ ಪಾಲಿಮರಿನ ಕಡೆಗೆ ಬರೋಣ. ಸೀಸೆ ತೊಳೆಯುವ ಕುಂಚದಲ್ಲಿ ನಡುವೆ ಒಂದು ತಂತಿ, ಅದರ ಸುತ್ತ ಒತ್ತೊತ್ತಾಗಿ ಕೂದಲು. ನವಣೆಯ ತೆನೆಯನ್ನು ಕಂಡವರಿಗೆ ಆ ಹೋಲಿಕೆಯೂ ಸಲ್ಲುತ್ತದೆ. ಈ ಅಣುಗಳಲ್ಲಿ ತಂತಿಯ ಸ್ಥಾನದಲ್ಲಿ ಒಂದು ಬೆನ್ನು-ಸರಪಳಿ, ಕೂದಲಿನ ಸ್ಥಾನದಲ್ಲಿ ಅದಕ್ಕೆ ಕಸಿಮಾಡಿದ ಪಕ್ಕದ ಸರಪಳಿಗಳು. ಬೆನ್ನು-ಸರಪಳಿ ತನ್ನಷ್ಟಕ್ಕೆ ತಾನು ಬಳುಕುವಂಥದೇ. ಪಕ್ಕದ ಸರಪಳಿಗಳೂ ಬಳುಕುವಂಥವೇ. ಆದರೂ ಎರಡೂ ಸೇರಿದ ಕುಂಚ ಪೆಡಸಾಗುತ್ತದೆ.

ಇದಕ್ಕೆ ಕಾರಣ ಸರಳ. ಒಳ್ಳೆಯ ದ್ರಾವಕದಲ್ಲಿ ಪಕ್ಕದ ಸರಪಳಿಗಳು ಒಂದನ್ನೊಂದು ದೂರ ತಳ್ಳುತ್ತವೆ. ಪ್ರತಿಯೊಂದಕ್ಕೂ ತನ್ನದೇ ಜಾಗ ಬೇಕು. ಬೆನ್ನು ನೇರವಾಗಿದ್ದರೆ ಎಲ್ಲಕ್ಕೂ ಸುತ್ತಲೂ ಸಮನಾಗಿ ಜಾಗ ದೊರೆಯುತ್ತದೆ. ಬೆನ್ನು ಬಾಗಿತೆಂದರೆ ಬಾಗಿನ ಒಳಮಗ್ಗುಲಿನ ಸರಪಳಿಗಳು ಇಕ್ಕಟ್ಟಿಗೆ ಸಿಲುಕುತ್ತವೆ. ಬಾಗುವುದಕ್ಕೆ ಹೀಗೆ ಒಂದು ದಂಡ ತೆರಬೇಕಾಗುವುದರಿಂದ ಅಣು ನೇರವಾಗಿರಲು ಒಲಿಯುತ್ತದೆ. ಪೆಡಸುತನ ಬಂಧಗಳಿಂದ ಬಂದದ್ದಲ್ಲ, ಪಕ್ಕದ ಸರಪಳಿಗಳ ಪರಸ್ಪರ ವಿಕರ್ಷಣೆಯಿಂದ ಬಂದದ್ದು ಎಂಬುದನ್ನು ವಾಚಕರು ಗಮನದಲ್ಲಿಡಬೇಕು. ಮುಂದಿನದೆಲ್ಲವೂ ಇದರ ಮೇಲೆ ನಿಂತಿದೆ.

ಈಗ ಸುತ್ತಲಿನ ದ್ರಾವಕದಲ್ಲಿ ಬೇರೆ ಪಾಲಿಮರುಗಳೂ ತುಂಬಿಕೊಂಡವೆನ್ನೋಣ. ಪಕ್ಕದ ಸರಪಳಿ ತನ್ನ ನೆರೆಯವರಿಂದ ತಪ್ಪಿಸಿಕೊಂಡು ಹೊರಗೆ ಚಾಚಿದರೆ ಲಾಭವುಂಟೆ? ಹೊರಗೆ ಬರಿಯ ದ್ರಾವಕವಿದ್ದಾಗ ಉಂಟು. ಹೊರಗೂ ಅದೇ ಬಗೆಯ ಘಟಕಗಳು ತುಂಬಿರುವಾಗ ಆ ಲಾಭ ಕುಗ್ಗುತ್ತದೆ. ಒಳಗಿನ ಇಕ್ಕಟ್ಟಿಗೂ ಹೊರಗಿನ ಇಕ್ಕಟ್ಟಿಗೂ ಇರುವ ಅಂತರ ಕಡಿಮೆಯಾಗುತ್ತದೆ. ಜೊತೆಗೆ ಹೊರಗಿನ ದ್ರಾವಣದ ಅಭಿಸರಣ ಒತ್ತಡವು ಕುಂಚವನ್ನು ಸುತ್ತಲಿಂದಲೂ ಅಮುಕುತ್ತದೆ. ಪಕ್ಕದ ಸರಪಳಿಗಳ ಚಾಚು ತಗ್ಗುತ್ತದೆ, ಕುಂಚ ತೆಳ್ಳಗಾಗುತ್ತದೆ, ಬಾಗುವುದಕ್ಕೆ ತೆರಬೇಕಾದ ದಂಡ ಇಳಿಯುತ್ತದೆ. ಅಣು ಮೆತ್ತಗಾಗುತ್ತದೆ.

ತಜ್ಞರು ಈ ವ್ಯಾಪಾರವನ್ನು ಸ್ಕ್ರೀನಿಂಗ್ ಎನ್ನುತ್ತಾರೆ; ವಿಕರ್ಷಣೆಗೆ ಮರೆ ಬಿದ್ದಿತೆಂದು ಕನ್ನಡದಲ್ಲಿ ಹೇಳಬಹುದು. ೧೯೪೯ರಲ್ಲಿ ಪಾಲ್ ಫ್ಲೋರಿಯವರು ತೆಳು ದ್ರಾವಣದ ಸರಪಳಿ ಸ್ವವಿಕರ್ಷಣೆಯಿಂದ ಉಬ್ಬುವುದನ್ನು ವಿವರಿಸಿದರು. ದ್ರಾವಕವೇ ಇಲ್ಲದ ಕರಗಿದ ಪಾಲಿಮರಿನಲ್ಲಿ ಆ ಉಬ್ಬು ಇಲ್ಲವಾಗುವುದೆಂದೂ ವಾದಿಸಿದರು. ಇವೆರಡರ ನಡುವಿನ ಸಾಂದ್ರತೆಗಳಲ್ಲಿ ಮರೆಯ ಸಿದ್ಧಾಂತವನ್ನು ಸ್ಯಾಮ್ ಎಡ್ವರ್ಡ್ಸ್ ೧೯೬೬ರಲ್ಲಿ ಕಟ್ಟಿದರು. ೧೯೭೦ರ ದಶಕದ ಮೊದಲ ವರ್ಷಗಳಲ್ಲಿ ನ್ಯೂಟ್ರಾನ್ ಚದರಿಕೆಯ ಪ್ರಯೋಗಗಳು ಫ್ಲೋರಿಯವರ ಮಾತನ್ನು ಸಮರ್ಥಿಸಿದುವು.

ಆದರೆ ಒಂದು ಭೇದವನ್ನು ಇಲ್ಲಿ ಸ್ಪಷ್ಟಪಡಿಸದೆ ಗತ್ಯಂತರವಿಲ್ಲ. ಸಾಮಾನ್ಯ ಸರಪಳಿಯಲ್ಲಿ ಸಾಂದ್ರತೆ ಹೆಚ್ಚಿದಾಗ ಕುಗ್ಗುವುದು ಉಂಡೆಯ ಒಟ್ಟು ಗಾತ್ರ. ಬಂಧಗಳ ಮಟ್ಟದ ಪೆಡಸುತನ ಹಾಗೆಯೇ ಉಳಿಯುತ್ತದೆ. ಬಾಟಲ್‌ಬ್ರಷ್‌ನಲ್ಲಿ ಪೆಡಸುತನವೇ ವಿಕರ್ಷಣೆಯ ಸಂತಾನವಾದ್ದರಿಂದ, ವಿಕರ್ಷಣೆಗೆ ಮರೆ ಬಿದ್ದರೆ ಪೆಡಸುತನವೇ ಕರಗುತ್ತದೆ. ವಿದ್ಯುದಾವೇಶವುಳ್ಳ ಸರಪಳಿಗಳಲ್ಲಿ ಇದಕ್ಕೆ ಸಮಾನವಾದ ಉದಾಹರಣೆಯಿದೆ. ಆವೇಶಗಳ ವಿಕರ್ಷಣೆ ಸರಪಳಿಯನ್ನು ಸೆಟೆಸುತ್ತದೆ. ಉಪ್ಪು ಬೆರೆತರೆ ಆ ಸೆಟೆತ ಇಳಿಯುತ್ತದೆ. ಓಡೈಕ್ ಅವರೂ, ಸ್ಕೋಲ್ನಿಕ್ ಮತ್ತು ಫಿಕ್ಸ್‌ಮನ್ ಅವರೂ ೧೯೭೭ರಲ್ಲಿ ಇದರ ಲೆಕ್ಕವನ್ನು ಹಾಕಿದ್ದರು.

೪

ಇದು ಬರಿಯ ತರ್ಕವೋ, ಅಳತೆಯೂ ಇದೆಯೋ? ಅಳತೆ ಇದೆ. ಪೆಡಸುತನವನ್ನು ಅಳೆಯುವ ಮಾನಕ್ಕೆ ಪರ್ಸಿಸ್ಟೆನ್ಸ್ ಲೆಂಗ್ತ್ ಎಂದು ಹೆಸರು. ಸರಪಳಿಯ ಗುಂಟ ನಡೆಯುವಾಗ ಎಷ್ಟು ದೂರ ಹೋಗುವ ತನಕ ಮೊದಲಿನ ದಿಕ್ಕಿನ ನೆನಪು ಉಳಿದಿರುತ್ತದೆಂಬುದನ್ನು ಅದು ಸೂಚಿಸುತ್ತದೆ. ಇದನ್ನು ದಿಕ್‌ಸ್ಥೈರ್ಯದ ಉದ್ದವೆಂದು ಕರೆಯುತ್ತೇನೆ. ಕ್ರಾಟ್ಕಿ ಮತ್ತು ಪೊರೊಡ್ ಅವರು ೧೯೪೯ರಲ್ಲಿ ಮಂಡಿಸಿದ, ಹುಳುವಿನಂತೆ ನಯವಾಗಿ ಬಾಗುವ ಸರಪಳಿಯ ಮಾದರಿಯಿಂದ ಈ ಮಾನ ಬಳಕೆಗೆ ಬಂದಿತು.

೨೦೦೭ರಲ್ಲಿ ಬೊಲಿಸೆಟ್ಟಿ, ಹಾರ್ನೌ, ಬಲ್ಲೌಫ್ ಮೊದಲಾದವರು 'ಫಿಸಿಕಲ್ ರಿವ್ಯೂ ಇ' ಪತ್ರಿಕೆಯಲ್ಲಿ ಒಂದು ಬಾಟಲ್‌ಬ್ರಷ್‌ನ ಅಧ್ಯಯನವನ್ನು ಪ್ರಕಟಿಸಿದರು. ಅದರ ಬೆನ್ನಿನಲ್ಲಿ ಸುಮಾರು ೧೬೦೦ ಘಟಕಗಳು; ಒಂದು ಬಿಟ್ಟು ಒಂದು ಘಟಕಕ್ಕೆ ಸುಮಾರು ೬೦ ಘಟಕಗಳ ಪಕ್ಕದ ಸರಪಳಿ. ಲೆಕ್ಕ ಹಾಕಿದರೆ ೮೦೦ ಪಕ್ಕದ ಸರಪಳಿಗಳು, ಅವುಗಳಲ್ಲಿ ೪೮,೦೦೦ ಘಟಕಗಳು; ಬೆನ್ನಿಗಿಂತ ಕೂದಲೇ ೩೦ ಪಾಲು ಹೆಚ್ಚು. ಅತ್ಯಂತ ತೆಳು ದ್ರಾವಣದಲ್ಲಿ ಈ ಅಣುವಿನ ಗುಂಟದ ಉದ್ದ ೩೮೦ ನ್ಯಾನೋಮೀಟರ್, ದಿಕ್‌ಸ್ಥೈರ್ಯದ ಉದ್ದ ೧೭.೫ ನ್ಯಾನೋಮೀಟರ್. ಸಾಂದ್ರತೆಯನ್ನು ಏರಿಸುತ್ತ ಹೋಗಿ ಲೀಟರಿಗೆ ಸುಮಾರು ೪೦ ಗ್ರಾಂ ತಲಪಿದಾಗ ಅದೇ ಅಣುವಿನ ದಿಕ್‌ಸ್ಥೈರ್ಯದ ಉದ್ದ ೫ ನ್ಯಾನೋಮೀಟರಿಗೆ ಇಳಿದಿತ್ತೆಂದು ಅವರ ನಿರ್ಣಯ. ಮೂರೂವರೆ ಪಾಲು ಇಳಿತ! ಲೀಟರಿಗೆ ೪೦ ಗ್ರಾಂ ಎಂಬುದು ತೂಕದಲ್ಲಿ ನೂರಕ್ಕೆ ನಾಲ್ಕರ ಸುಮಾರು, ಉಳಿದದ್ದೆಲ್ಲ ದ್ರಾವಕವೇ. ಇಷ್ಟು ಅಲ್ಪವಾದ ನೆರವಿಯೂ ಅಣುವಿನ ನಿಲುವನ್ನು ಬದಲಿಸಬಲ್ಲುದು.

ಇಲ್ಲಿ ಆಕರವಿಮರ್ಶೆಯ ಅಭ್ಯಾಸವುಳ್ಳವನು ಒಂದು ಪ್ರಶ್ನೆ ಕೇಳಲೇಬೇಕು: ೧೭.೫ ಮತ್ತು ೫ ಎಂಬ ಈ ಎರಡು ಅಂಕಿಗಳು ಒಂದೇ ದರ್ಜೆಯ ಸಾಕ್ಷ್ಯಗಳೆ? ಅಲ್ಲವೆಂದು ನನ್ನ ಅಭಿಪ್ರಾಯ. ಮೊದಲನೆಯದು ಅಳತೆಗಳನ್ನು ಶೂನ್ಯ ಸಾಂದ್ರತೆಯವರೆಗೆ ಎಳೆದು ಪಡೆದದ್ದು. ಅಲ್ಲಿ ಅಣು ಒಂಟಿಯಾಗಿರುವುದರಿಂದ ಚದರಿಕೆಯಲ್ಲಿ ಕಾಣುವುದು ಅದೊಂದರ ಆಕಾರವೇ. ಸಾಂದ್ರತೆ ಏರಿದಾಗ, ಒಂದು ಅಣುವಿನ ಆಕಾರವೂ ಅಣುಅಣುಗಳ ನಡುವಣ ವಿನ್ಯಾಸವೂ ಒಂದೇ ರೇಖೆಯಲ್ಲಿ ಬೆರೆತುಬಿಡುತ್ತವೆ. ಒಂದೇ ಕಲ್ಲಿನ ಮೇಲೆ ಒಂದರ ಮೇಲೊಂದು ಕೆತ್ತಿದ ಎರಡು ಶಾಸನಗಳನ್ನು ಬಿಡಿಸಿ ಓದಿದಂತೆ, ಅವನ್ನು ಬೇರ್ಪಡಿಸಲು ಒಂದು ಗಣಿತದ ಮಾದರಿಯ ನೆರವು ಬೇಕು. ಆ ಸಂಶೋಧಕರು ಅಂಥ ಮಾದರಿಯೊಂದನ್ನು ಬಳಸಿದ್ದಾರೆ. ಅದನ್ನು ಮುಚ್ಚಿಡದೆ ಹೇಳಿಯೂ ಇದ್ದಾರೆ. ಆದಕಾರಣ ೫ ಎಂಬುದು ಕಣ್ಣಿಗೆ ಕಂಡ ಅಂಕಿಯಲ್ಲ, ಮಾದರಿಯ ಮೂಲಕ ಓದಿದ ಅಂಕಿ. ಅದು ಸುಳ್ಳೆಂದು ನಾನು ಹೇಳುತ್ತಿಲ್ಲ. ಸಿದ್ಧಾಂತ ನಿರೀಕ್ಷಿಸುವ ದಿಕ್ಕಿನಲ್ಲೇ ಅದು ಇದೆ. ಆದರೆ ಓದಿದ್ದನ್ನು ಕಂಡದ್ದೆಂದು ಉದ್ಧರಿಸುವುದು ನಮ್ಮ ಶಾಸ್ತ್ರದಲ್ಲಿ ತಪ್ಪಾದರೆ ಅವರ ಶಾಸ್ತ್ರದಲ್ಲಿಯೂ ತಪ್ಪೇ. ಕರಗಿದ ಪಾಲಿಮರಿನ ಪ್ರಯೋಗಗಳಲ್ಲಿ ಕೆಲವು ಸರಪಳಿಗಳಿಗೆ ಮಾತ್ರ ಡ್ಯೂಟೀರಿಯಮ್ಮಿನ ಗುರುತು ಹಾಕಿ, ಗುಂಪಿನ ನಡುವೆಯೇ ಒಂಟಿ ಸರಪಳಿಯನ್ನು ನೋಡುವ ಉಪಾಯವನ್ನು ಮಾಡಿದ್ದರು. ಅಂಥ ಸಾಕ್ಷ್ಯದ ತೂಕ ಹೆಚ್ಚಿನದು.

೫

ಈ ವಾದವನ್ನು ಅತಿಗೆ ಒಯ್ಯುವ ಅಪಾಯವೂ ಇದೆ. ಸುತ್ತಲೂ ಪಾಲಿಮರ್ ಹೆಚ್ಚಿದಷ್ಟೂ ಕುಂಚ ಮೆತ್ತಗಾಗುತ್ತ ಹೋಗಿ ಕೊನೆಗೆ ಬರಿಯ ದಾರವಾಗುವುದೆಂದು ಯಾರಾದರೂ ಭಾವಿಸಿದರೆ ಅದು ಸರಿಯಲ್ಲ. ಮರೆ ಎಷ್ಟೇ ಬಿದ್ದರೂ ಎರಡು ಘಟಕಗಳು ಒಂದೇ ಜಾಗದಲ್ಲಿರಲಾರವು. ಬೆನ್ನಿನ ಸುತ್ತ ಪಕ್ಕದ ಸರಪಳಿಗಳು ಒತ್ತೊತ್ತಾಗಿದ್ದರೆ ಅವು ಹೊರಗೆ ಚಾಚಲೇಬೇಕು. ಪಾಟುರೇಯ್, ಶೈಕೊ, ಪನ್ಯುಕೋವ್, ರೂಬಿನ್‌ಸ್ಟೈನ್ ಅವರು ೨೦೧೬ರಲ್ಲಿ ಪ್ರಕಟಿಸಿದ ಗಣಕಯಂತ್ರದ ಅನುಕರಣ ಪ್ರಯೋಗಗಳ ಪ್ರಕಾರ, ದ್ರಾವಕವಿಲ್ಲದ ಸ್ಥಿತಿಯಲ್ಲಿಯೂ ಪಕ್ಕದ ಸರಪಳಿಗಳು ಚಾಚಿಕೊಂಡೇ ಇರುತ್ತವೆ, ಬಾಟಲ್‌ಬ್ರಷ್‌ನ ಪೆಡಸುತನ ಅದರ ದಪ್ಪದೊಡನೆ ಹೊಂದಿಕೊಂಡು ಹೋಗುತ್ತದೆ. ಸುತ್ತಲಿನ ನೆರವಿ ಪೆಡಸುತನವನ್ನು ತಗ್ಗಿಸುತ್ತದೆ, ಅಳಿಸುವುದಿಲ್ಲ.

ಇನ್ನೊಂದು ಎಚ್ಚರಿಕೆ ಮಾನದಂಡವನ್ನೇ ಕುರಿತದ್ದು. ತೆಳು ದ್ರಾವಣದ ಬಾಟಲ್‌ಬ್ರಷ್ ಎಷ್ಟು ಪೆಡಸಾಗಬೇಕೆಂಬ ವಿಷಯದಲ್ಲಿ ಸಿದ್ಧಾಂತಿಗಳಲ್ಲಿಯೇ ಒಮ್ಮತವಿರಲಿಲ್ಲ. ಬಿರ್ಷ್ಟೈನ್, ಬೊರಿಸೋವ್, ಝುಲಿನಾ ಅವರ ೧೯೮೭ರ ವಿಶ್ಲೇಷಣೆಯಲ್ಲಿ ಅದು ಕುಂಚದ ದಪ್ಪದ ಮಟ್ಟದ್ದು. ಫ್ರೆಡ್ರಿಕ್‌ಸನ್ ಅವರ ೧೯೯೩ರ ಲೆಕ್ಕದಲ್ಲಿ ಅದಕ್ಕಿಂತ ಬಹಳ ಹೆಚ್ಚಿನದು. ಹ್ಸು, ಪೌಲ್, ಬಿಂಡರ್ ಅವರಂತೂ ೨೦೧೦ರಲ್ಲಿ, ದಿಕ್‌ಸ್ಥೈರ್ಯದ ಉದ್ದದ ರೂಢಿಯ ವ್ಯಾಖ್ಯೆಗಳು ನಿಜವಾದ ಸರಪಳಿಗಳ ಸ್ಥಳೀಯ ಪೆಡಸುತನವನ್ನು ತಿಳಿಸುವುದೇ ಇಲ್ಲವೆಂದು ತೋರಿಸಿದರು. ಆ ವ್ಯಾಖ್ಯೆಗಳನ್ನು ವಿಕರ್ಷಣೆಯಿಲ್ಲದ ಆದರ್ಶ ಸರಪಳಿಗಾಗಿ ಮಾಡಿದ್ದು. ವಿಕರ್ಷಣೆಯಿದ್ದಲ್ಲಿ ದಿಕ್ಕಿನ ನೆನಪು ಬೇರೊಂದು ನಿಯಮದಂತೆ, ನಿಧಾನವಾಗಿ ಮಾಸುತ್ತದೆ. ಅಳತೆಗೋಲೇ ಪರಿಸ್ಥಿತಿಗೆ ತಕ್ಕಂತೆ ಅರ್ಥವನ್ನು ಬದಲಿಸುವಾಗ ಬರಿಯ ಅಂಕಿಯನ್ನು ಹಿಡಿದು ತೀರ್ಪು ಕೊಡುವುದು ಹೇಗೆ?

ಈ ಎಚ್ಚರಿಕೆಗಳು ಪಂಡಿತರ ಮನೆಯ ಒಳಜಗಳವಷ್ಟೇ ಎಂದು ತಿಳಿಯಬಾರದು. ನಮ್ಮ ಕೀಲುಗಳ ಮೃದ್ವಸ್ಥಿಯಲ್ಲಿರುವ ಅಗ್ರಿಕನ್ ಎಂಬ ಅಣು ಪ್ರಕೃತಿಯೇ ನಿರ್ಮಿಸಿದ ಬಾಟಲ್‌ಬ್ರಷ್. ಅದರ ನಡುವಣ ಪ್ರೋಟೀನಿಗೆ ನೂರರ ಸುಮಾರು ಆವೇಶಯುತ ಸರಪಳಿಗಳು ತಗುಲಿಕೊಂಡಿರುತ್ತವೆ. ಮೃದ್ವಸ್ಥಿಯಲ್ಲಿ ಅದು ಒತ್ತೊತ್ತಾಗಿ ತುಂಬಿರುತ್ತದೆ. ಒಂಟಿಯಾಗಿ ಹರಡಿಕೊಳ್ಳಲು ಬೇಕಾದ ಜಾಗ ಅಲ್ಲಿ ಎಂದೂ ಸಿಗುವುದಿಲ್ಲ. ತೆಳು ದ್ರಾವಣದಲ್ಲಿ ಅಳೆದ ಪೆಡಸುತನದ ಅಂಕಿಯನ್ನು ನೇರವಾಗಿ ಮೊಣಕಾಲಿಗೆ ಅನ್ವಯಿಸಿದರೆ, ಅದು ಪ್ರಾಯಶಃ ಆ ಅಣು ತನ್ನ ಜೀವಮಾನದಲ್ಲಿ ಕಾಣದ ಪರಿಸ್ಥಿತಿಯ ಅಂಕಿಯಾಗಿರುತ್ತದೆ.

೬

ಈಗ ಹಳೆಯ ತೀರ್ಪಿಗೆ ಮರಳೋಣ. ಸ್ಟೌಡಿಂಗರ್ ಅವರನ್ನು ಬಾಟಲ್‌ಬ್ರಷ್‌ನ ಹೆಸರಿನಲ್ಲಿ ಪುನಃ ಪಟ್ಟಕ್ಕೇರಿಸುವುದು ನನ್ನ ಉದ್ದೇಶವಲ್ಲ. "ನೋಡಿ, ಸೆಟೆದ ಅಣುಗಳೂ ಇವೆ, ಅವರು ಹೇಳಿದ್ದೇ ಸರಿ" ಎನ್ನುವುದು ಹಿಂದಿನ ತಪ್ಪನ್ನೇ ಮಗುಚಿಹಾಕಿದಂತೆ. ಅವರು ಮಾತನಾಡಿದ್ದು ರಬ್ಬರು ಮತ್ತು ಪಾಲಿಸ್ಟೈರೀನನ್ನು ಕುರಿತು; ಅವುಗಳ ವಿಷಯದಲ್ಲಿ ಅವರು ತಪ್ಪಿದ್ದರು. ನಾನು ಹೇಳುವುದಿಷ್ಟೆ: "ಪೆಡಸೋ, ಬಳುಕೋ?" ಎಂಬ ಪ್ರಶ್ನೆ ಪೂರ್ಣವಾದ ಪ್ರಶ್ನೆಯಲ್ಲ. "ಯಾವ ಅಣು, ಯಾವ ಉದ್ದದ ಅಳತೆಯಲ್ಲಿ, ಯಾವ ದ್ರಾವಕದಲ್ಲಿ, ಸುತ್ತಲೂ ಎಷ್ಟು ಪಾಲಿಮರ್ ಇರುವಾಗ?" ಎಂದು ಕೇಳಿದರೆ ಮಾತ್ರ ಅದು ಪೂರ್ಣವಾಗುತ್ತದೆ. ಚರಿತ್ರೆ ಬರೆಯುವವನು ಯಾರು ಗೆದ್ದರೆಂಬುದನ್ನು ದಾಖಲಿಸಿದರೆ ಸಾಲದು. ಯಾವ ಪರಿಸ್ಥಿತಿಯ ಮೇರೆಯೊಳಗೆ ಗೆದ್ದರೆಂಬುದನ್ನೂ ದಾಖಲಿಸಬೇಕು. ಮೇರೆಯನ್ನು ಬಿಟ್ಟುಬಿಟ್ಟರೆ ಒಂದು ಪ್ರಯೋಗದ ಫಲ ಪ್ರಕೃತಿಯ ನಿಯಮವಾಗಿ ಬೆಳೆದುಬಿಡುತ್ತದೆ. ಅದನ್ನು ಬೆಳೆಸಿದವರು ವಿಜ್ಞಾನಿಗಳಲ್ಲ, ನಾವು.

ಇಲ್ಲಿ ಇತಿಹಾಸದವರಿಗೆ ಒಂದು ಪ್ರಲೋಭನೆ ಹುಟ್ಟುವುದು ಸಹಜ. ಗುಂಪಿನಲ್ಲಿ ಅಣು ಮೆತ್ತಗಾಗುವಂತೆ ಸಮಾಜದಲ್ಲಿ ಮನುಷ್ಯನೂ ಮೆತ್ತಗಾಗುವನೆಂದು ಬರೆದು ಲೇಖನವನ್ನು ಮುಗಿಸಿದರೆ ಕೇಳಲು ಚೆನ್ನಾಗಿರುತ್ತದೆ. ನಾನೂ ಮೊದಲು ಹಾಗೆ ಬರೆದು ಹೊಡೆದುಹಾಕಿದೆ. ಅಣು ಮೆತ್ತಗಾಗುವುದಕ್ಕೆ ಕಾರಣ ಒತ್ತಡದ ಮತ್ತು ಜಾಗದ ಲೆಕ್ಕ. ಮನುಷ್ಯನ ವಿಷಯದಲ್ಲಿ ಅಂಥ ಲೆಕ್ಕವನ್ನು ಯಾರೂ ತೋರಿಸಿಲ್ಲ. ಹೋಲಿಕೆಯನ್ನು ಕಾರಣವೆಂದು ಮಾರುವುದು ಎರಡು ಶಾಸ್ತ್ರಗಳಿಗೂ ಅಪಚಾರ. ನಮಗೆ ಬಾಟಲ್‌ಬ್ರಷ್‌ನಿಂದ ಕಲಿಯಬೇಕಾದದ್ದು ಸಮಾಜದ ನೀತಿಯನ್ನಲ್ಲ. ವಾಕ್ಯರಚನೆಯ ನೀತಿಯನ್ನು, ಎಂದರೆ ಗುಣವನ್ನು ಹೇಳುವ ವಾಕ್ಯದಲ್ಲಿ ಆ ಗುಣ ಕಂಡ ಸನ್ನಿವೇಶವನ್ನೂ ಹೇಳಬೇಕೆಂಬ ಶಿಸ್ತನ್ನು.

ನನ್ನ ಟಿಪ್ಪಣಿಯ ಆ ವಾಕ್ಯವನ್ನು ಈಗ ತಿದ್ದಿದ್ದೇನೆ. ಹೊಸದು ಇಷ್ಟಾಗಿದೆ: "ಪಾಲಿಮರುಗಳು ಉದ್ದನೆಯ ಸರಪಳಿಗಳೆಂದು ಸ್ಟೌಡಿಂಗರ್ ಸರಿಯಾಗಿ ಹೇಳಿದರು, ತಾವು ಪರಿಶೀಲಿಸಿದ ಸಾಮಾನ್ಯ ಸರಪಳಿಗಳು ಸೆಟೆದಿರುವುದೆಂದು ಹೇಳಿದ್ದು ಸರಿಯಲ್ಲ, ಸರಪಳಿಯ ಪೆಡಸುತನ ಕೆಲವು ಜಾತಿಯ ಅಣುಗಳಲ್ಲಿ ಸುತ್ತಲಿನ ಸಾಂದ್ರತೆಯೊಡನೆ ಬದಲಾಗುತ್ತದೆಂಬ ತಿಳಿವಳಿಕೆ ಬಹಳ ತಡವಾಗಿ ಬಂದಿತು." ಮೊದಲಿನದಕ್ಕಿಂತ ಇದು ಉದ್ದ, ಬಾಯಿಪಾಠಕ್ಕೆ ಒಗ್ಗುವುದಿಲ್ಲವೆಂದು ವಿದ್ಯಾರ್ಥಿಗಳ ದೂರು. ಆ ದೂರನ್ನು ಒಪ್ಪಿಕೊಂಡೇ ವಾಕ್ಯವನ್ನು ಹಾಗೆಯೇ ಉಳಿಸಿದ್ದೇನೆ. ರಸಾಯನಶಾಸ್ತ್ರವನ್ನು ಬಲ್ಲವರು ಇದರಲ್ಲಿ ಇನ್ನೂ ತಪ್ಪು ಕಂಡರೆ ತಿಳಿಸಬೇಕಾಗಿ ಕೋರುತ್ತೇನೆ. ಮತ್ತೊಮ್ಮೆ ತಿದ್ದಲು ಅಂಚಿನಲ್ಲಿ ಜಾಗ ಬಿಟ್ಟಿದ್ದೇನೆ.